ಶಾಖೆ ದಾಟದ ಕರೆ: ಸ್ಥಳ ನೋಡಿ ದಾರಿ ಕೊಡುವಂತೆ ಕಚೇರಿಯ ಇಂಟರ್ನೆಟ್ ಟೆಲಿಫೋನಿ ಹೊಂದಿಸುವುದು ಹೇಗೆ?

ಉತ್ತರ ಶಾಖೆಯಲ್ಲಿ ಕುಳಿತವರು ಇಂಟರ್ನೆಟ್ ಮೂಲಕ ದಕ್ಷಿಣ ಶಾಖೆಯ ಗೇಟ್‌ವೇ (ಇಂಟರ್ನೆಟ್ ಕರೆಯನ್ನು ಸಾಮಾನ್ಯ ದೂರವಾಣಿ ಜಾಲಕ್ಕೆ ಜೋಡಿಸುವ ಸಾಧನ) ತಲುಪಿ, ಅಲ್ಲಿಂದ ಆ ಊರಿನ ಸಾಮಾನ್ಯ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಏನಾಗುತ್ತದೆ? ದೂರದ ಕರೆ ಸ್ಥಳೀಯ ಕರೆಯ ವೇಷದಲ್ಲಿ ಹೊರಬೀಳುತ್ತದೆ. ಇದಕ್ಕೆ ಟೋಲ್ ಬೈಪಾಸ್ ಎನ್ನುತ್ತಾರೆ. ಯಂತ್ರಗಳಿಗೆ ಇದು ಸಲೀಸು. ಆದರೆ ಭಾರತವೂ ಸೇರಿದಂತೆ ಕೆಲವು ದೇಶಗಳ ದೂರಸಂಪರ್ಕ ನಿಯಮಗಳು ಇದಕ್ಕೆ ಕಡಿವಾಣ ಹಾಕುತ್ತವೆ. ಆ ಕಡಿವಾಣವನ್ನು ಸಿಸ್ಟಮ್‌ನೊಳಗೆ ಜಾರಿ ಮಾಡುವ ಸೌಲಭ್ಯವೇ ಲೊಕೇಶನ್ ಬೇಸ್ಡ್ ರೂಟಿಂಗ್, ಚಿಕ್ಕದಾಗಿ ಎಲ್‌ಬಿಆರ್. ಮೈಕ್ರೋಸಾಫ್ಟ್ ಲಿಂಕ್ ಸರ್ವರ್ 2013ರ ಕಾಲದಿಂದ ಇದು ಇದೆ. ಇಲ್ಲಿರುವ ಕ್ರಮ ಅದರ ಇಂದಿನ ರೂಪದ್ದು, ಅಂದರೆ ಮೈಕ್ರೋಸಾಫ್ಟ್ ಟೀಮ್ಸ್‌ನ ಡೈರೆಕ್ಟ್ ರೂಟಿಂಗ್‌ಗೆ (ನಿಮ್ಮದೇ ಗೇಟ್‌ವೇ, ನಿಮ್ಮದೇ ದೂರವಾಣಿ ಕಂಪನಿ ಬಳಸುವ ವಿಧಾನಕ್ಕೆ) ಸಂಬಂಧಿಸಿದ್ದು. ಮೈಕ್ರೋಸಾಫ್ಟ್ ತಾನೇ ಒದಗಿಸುವ ಕಾಲಿಂಗ್ ಪ್ಲಾನ್ ಸಂಖ್ಯೆಗಳಿಗೆ ಎಲ್‌ಬಿಆರ್ ಅನ್ವಯಿಸುವುದಿಲ್ಲ.

ಶುರು ಮಾಡುವ ಮುನ್ನ ಒಂದು ತಪ್ಪು ಕಲ್ಪನೆ ಬಿಡಬೇಕು. ಉದ್ಯೋಗಿ ಎಲ್ಲಿಗೆ ಹೋದರೂ ಹತ್ತಿರದ ಅಥವಾ ಅಗ್ಗದ ಗೇಟ್‌ವೇಯನ್ನು ಇದು ಹುಡುಕಿ ಕೊಡುತ್ತದೆ ಎಂದು ನಂಬಿ ಎಲ್‌ಬಿಆರ್ ಹಾಕುವವರಿದ್ದಾರೆ. ಇದು ದಾರಿ ತೋರಿಸುವ ಕೈಮರವಲ್ಲ, ಬೇಲಿ. ಕರೆಯನ್ನು ತಡೆಯುವುದೇ ಇದರ ಕೆಲಸ. ಖರ್ಚು ಉಳಿಸಲು ಅಥವಾ ಕರೆಗಳನ್ನು ಜಾಣತನದಿಂದ ಹಂಚಲು ಇದನ್ನು ಬಳಸಬಾರದೆಂದು ಮೈಕ್ರೋಸಾಫ್ಟ್‌ನ ಸೂಚನೆಗಳಲ್ಲೇ ಎಚ್ಚರಿಕೆಯಿದೆ. ನಿಮ್ಮ ಸಂಸ್ಥೆಗೆ ಕಾನೂನಿನ ಅಗತ್ಯವಿಲ್ಲದಿದ್ದರೆ ಸಾಮಾನ್ಯ ವಾಯ್ಸ್ ರೂಟಿಂಗ್ ಪಾಲಿಸಿಯಲ್ಲೇ (ಯಾರ ಕರೆ ಯಾವ ಗೇಟ್‌ವೇಯಿಂದ ಹೋಗಬೇಕೆಂಬ ನಿಯಮದಲ್ಲೇ) ನಿಲ್ಲಿಸಿ. ಎಲ್‌ಬಿಆರ್ ಹಾಕಿದ ಮರುದಿನದಿಂದ ಬರುವ ದೂರುಗಳಲ್ಲಿ ಬಹುಪಾಲು ಅದು ಸರಿಯಾಗಿ ಕೆಲಸ ಮಾಡುತ್ತಿರುವುದರ ಫಲವೇ ಆಗಿರುತ್ತದೆ.

ಮೊದಲು ಕಾಗದದ ಮೇಲೆ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಪಟ್ಟಿ ಬೇಕು. ಪ್ರತಿ ಶಾಖೆಗೆ ಒಂದು ಸಾಲು ಕೊಟ್ಟು, ಆ ಶಾಖೆಯ ಎಲ್ಲ ಒಳ ಸಬ್‌ನೆಟ್‌ಗಳು (ಕಚೇರಿ ಜಾಲದೊಳಗಿನ ಐಪಿ ವಿಳಾಸಗಳ ಗುಂಪುಗಳು), ಶಾಖೆಯ ಟ್ರಾಫಿಕ್ ಇಂಟರ್ನೆಟ್‌ಗೆ ಹೊರಡುವ ಸಾರ್ವಜನಿಕ ಐಪಿ ವಿಳಾಸಗಳು, ಅಲ್ಲಿನ ಎಸ್‌ಬಿಸಿಯ (ಸೆಷನ್ ಬಾರ್ಡರ್ ಕಂಟ್ರೋಲರ್, ಅಂದರೆ ಗೇಟ್‌ವೇ ಆಗಿ ಕೆಲಸ ಮಾಡುವ ಸಾಧನ) ಪೂರ್ಣ ಡೊಮೈನ್ ಹೆಸರು ಮತ್ತು ಅದಕ್ಕೆ ಸೇರಿದ ದೂರವಾಣಿ ಸಂಖ್ಯೆಗಳನ್ನು ಬರೆದುಕೊಳ್ಳಿ. ಸಬ್‌ನೆಟ್ ಪಟ್ಟಿಯನ್ನು ನೆಟ್‌ವರ್ಕ್ ತಂಡದ ಹಳೆಯ ಕಡತದಿಂದ ಎತ್ತಿಕೊಳ್ಳಬೇಡಿ, ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ತೆಗೆಯಿರಿ. ಕಡತದಲ್ಲಿ ಒಂದು ದೊಡ್ಡ /16 ಎಂದು ಬರೆದಿದ್ದರೂ ಲ್ಯಾಪ್‌ಟಾಪ್‌ಗೆ ಸಿಗುತ್ತಿರುವುದು 10.20.4.0/24 ಆಗಿರಬಹುದು. ಕ್ಲೈಂಟ್‌ಗೆ (ಟೀಮ್ಸ್ ಓಡುವ ಯಂತ್ರಕ್ಕೆ) ಯಾವ ಸಬ್‌ನೆಟ್, ಯಾವ ಮಾಸ್ಕ್ (ಸಬ್‌ನೆಟ್‌ನ ಗಾತ್ರ ಹೇಳುವ /24ರಂಥ ಭಾಗ) ಸಿಗುತ್ತದೋ ಅದನ್ನೇ ನಮೂದಿಸಿ. ವೈರ್ ಜಾಲ, ವೈಫೈ, ಸಭಾಂಗಣದ ಫೋನ್‌ಗಳ ವಿಎಲ್‌ಎಎನ್ (ಪ್ರತ್ಯೇಕ ಉಪಜಾಲ), ಅತಿಥಿಗಳ ವೈಫೈ ಇವುಗಳನ್ನು ಬೇರೆಬೇರೆಯಾಗಿ ಗುರುತಿಸಿ.

ವಿಪಿಎನ್ ಬಳಸಿ ಹೊರಗಿನಿಂದ ಕಚೇರಿ ಜಾಲಕ್ಕೆ ಸೇರುವವರಿಗೆ ಕೊಡುವ ಐಪಿ ವಿಳಾಸಗಳ ಗುಂಪಿಗೆ ಪಟ್ಟಿಯಲ್ಲಿ ಪ್ರತ್ಯೇಕ ಸಾಲು ಇರಲಿ, ಪಕ್ಕದಲ್ಲಿ ‘ಯಾವ ಸೈಟಿಗೂ ಸೇರಿಸಕೂಡದು’ ಎಂದು ಬರೆಯಿರಿ. ಕಾರಣ ಮುಂದೆ ಬರುತ್ತದೆ.

ಜಾಲದ ನಕ್ಷೆ

ಟೀಮ್ಸ್ ಅಡ್ಮಿನ್ ಸೆಂಟರ್‌ನ ಲೊಕೇಶನ್ಸ್ ವಿಭಾಗದಲ್ಲಿ ನೆಟ್‌ವರ್ಕ್ ಟೋಪಾಲಜಿ ತೆರೆಯಿರಿ. ಅಲ್ಲಿ ರೀಜನ್, ಸೈಟ್, ಸಬ್‌ನೆಟ್ ಎಂಬ ಮೂರು ಹಂತಗಳಿವೆ. ರೀಜನ್ ಬರೀ ಗುಂಪಿನ ಹೆಸರು, ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸೈಟ್ ಎಂದರೆ ಶಾಖೆ. ಒಂದೇ ಊರಿನ ಎರಡು ಕಟ್ಟಡಗಳಿಗೆ ಎರಡು ಗೇಟ್‌ವೇಗಳಿದ್ದರೆ ಅವುಗಳನ್ನು ಒಂದು ಸೈಟ್ ಮಾಡಬೇಕೇ, ಎರಡೇ ಎಂಬುದನ್ನು ಐಟಿ ವಿಭಾಗ ತೀರ್ಮಾನಿಸುವಂತಿಲ್ಲ. ದೂರಸಂಪರ್ಕ ಲೈಸೆನ್ಸ್ ಪ್ರದೇಶದ ಗಡಿ ಎಲ್ಲಿದೆ ಎಂದು ಕಾನೂನು ವಿಭಾಗ ಬರೆದು ಕೊಡಬೇಕು. ಸೈಟುಗಳನ್ನು ಮಾಡಿದ ಮೇಲೆ ಪ್ರತಿ ಸಬ್‌ನೆಟ್ಟನ್ನೂ ಮಾಸ್ಕ್ ಸಹಿತ ಅದರ ಸೈಟಿಗೆ ಸೇರಿಸಿ. ಒಂದು ಸಬ್‌ನೆಟ್‌ಗೆ ಒಂದೇ ಸೈಟ್. ಜಾಲದಲ್ಲಿ ಐಪಿವಿ6 ಕೂಡ ಓಡುತ್ತಿದ್ದರೆ ಅದರ ಸಬ್‌ನೆಟ್‌ಗಳನ್ನೂ ನಮೂದಿಸಬೇಕು. ಐಪಿವಿ4, ಐಪಿವಿ6 ಎರಡೂ ಬಗೆಯ ವಿಳಾಸಗಳಿದ್ದಾಗ ಟೀಮ್ಸ್ ಮೊದಲು ನೋಡುವುದು ಐಪಿವಿ6 ಅನ್ನು.

ಅದೇ ಪುಟದಲ್ಲಿ ಟ್ರಸ್ಟೆಡ್ ಐಪಿ ಎಂಬ ಇನ್ನೊಂದು ಪಟ್ಟಿಯಿದೆ. ಶಾಖೆಗಳ ಸಾರ್ವಜನಿಕ ವಿಳಾಸಗಳು ಹೋಗುವುದು ಅಲ್ಲಿಗೆ, ಉದಾಹರಣೆಗೆ 203.0.113.8/30. ಇದನ್ನು ಬಿಟ್ಟರೆ ಮಿಕ್ಕೆಲ್ಲ ಶ್ರಮವೂ ವ್ಯರ್ಥ, ಏಕೆಂದರೆ ಟೀಮ್ಸ್ ಮೊದಲು ನೋಡುವುದು ಹೊರ ವಿಳಾಸವನ್ನು. ಅದು ಟ್ರಸ್ಟೆಡ್ ಪಟ್ಟಿಯಲ್ಲಿದ್ದರೆ ಮಾತ್ರ ಒಳ ಸಬ್‌ನೆಟ್ ನೋಡಿ ಸೈಟ್ ಯಾವುದೆಂದು ತೀರ್ಮಾನಿಸುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಉದ್ಯೋಗಿ ‘ಎಲ್ಲೋ ಹೊರಗೆ’ ಇದ್ದಂತೆ. ಈ ಎರಡು ಹಂತದ ತಪಾಸಣೆಗೆ ಅರ್ಥವಿದೆ. ಮನೆಯ ರೂಟರುಗಳಲ್ಲಿ ಹಲವು 192.168.1.0/24 ಎಂಬ ಅದೇ ಸಬ್‌ನೆಟ್ ಹಂಚುತ್ತವೆ. ಶಾಖೆಯಲ್ಲೂ ಅದೇ ಇದ್ದರೆ ಒಳ ವಿಳಾಸವೊಂದರಿಂದಲೇ ಮನೆ ಯಾವುದು, ಕಚೇರಿ ಯಾವುದು ಎಂದು ತಿಳಿಯುವುದಿಲ್ಲ.

ಕರೆಯ ದಾರಿ

ಈಗ ಪ್ರತಿ ಸೈಟಿಗೂ ಪ್ರತ್ಯೇಕ ದಾರಿ ಕಟ್ಟಬೇಕು. ಸೈಟಿನ ಹೆಸರಿನಲ್ಲೇ ಒಂದು ಪಿಎಸ್‌ಟಿಎನ್ (ಸಾಮಾನ್ಯ ದೂರವಾಣಿ ಜಾಲದ) ಯೂಸೇಜ್ ರೆಕಾರ್ಡ್ ಮಾಡಿ, ಪಾಲಿಸಿಯನ್ನೂ ರೂಟನ್ನೂ ಜೋಡಿಸುವ ಕೊಂಡಿ ಅದು. ಆ ರೆಕಾರ್ಡ್ ಬಳಸುವ ಒಂದು ವಾಯ್ಸ್ ರೂಟ್ ಮಾಡಿ, ಸಂಖ್ಯೆಯ ನಮೂನೆ ^\+[0-9]+$ ಎಂದಿರಲಿ. ಪ್ಲಸ್ ಚಿಹ್ನೆಯಿಂದ ಶುರುವಾಗುವ ಎಲ್ಲ ಸಂಖ್ಯೆಗಳೂ ಅದಕ್ಕೆ ಹೊಂದುತ್ತವೆ. ಆ ರೂಟ್‌ನಲ್ಲಿ ಅದೇ ಸೈಟಿನ ಎಸ್‌ಬಿಸಿಯನ್ನು ಮಾತ್ರ ಸೇರಿಸಿ. ‘ಒಂದು ಕೆಟ್ಟರೆ ಇನ್ನೊಂದು ಇರಲಿ’ ಎಂದು ಪಕ್ಕದ ಶಾಖೆಯ ಎಸ್‌ಬಿಸಿಯನ್ನು ಕೊನೆಯಲ್ಲಿ ಸೇರಿಸುವ ಅಭ್ಯಾಸ ಬೇರೆ ಕಡೆ ಒಳ್ಳೆಯದೇ, ಇಲ್ಲಿ ಅದರಿಂದ ಪ್ರಯೋಜನವಿಲ್ಲ. ಬೇರೆ ಸೈಟಿನ ಎಲ್‌ಬಿಆರ್ ಗೇಟ್‌ವೇಗೆ ಆ ಕರೆಯನ್ನು ಟೀಮ್ಸ್ ಬಿಡುವುದೇ ಇಲ್ಲ. ಬದಲಿ ವ್ಯವಸ್ಥೆ ಬೇಕಿದ್ದರೆ ಅದೇ ಶಾಖೆಯಲ್ಲಿ ಎರಡನೇ ಎಸ್‌ಬಿಸಿ ಇಡಬೇಕು.

ಆಮೇಲೆ ಆ ಯೂಸೇಜ್ ರೆಕಾರ್ಡ್ ಸೇರಿಸಿ ಸೈಟಿಗೊಂದು ವಾಯ್ಸ್ ರೂಟಿಂಗ್ ಪಾಲಿಸಿ ಮಾಡಿ. ಪವರ್‌ಶೆಲ್‌ನಲ್ಲಿ ಸೆಟ್-ಸಿಎಸ್‌ಟೆನೆಂಟ್‌ನೆಟ್‌ವರ್ಕ್‌ಸೈಟ್ ಆದೇಶ ಕೊಟ್ಟು, ಸೈಟಿನ ಎಲ್‌ಬಿಆರ್ ಸ್ವಿಚ್ ಆನ್ ಮಾಡಿ ಈ ಪಾಲಿಸಿಯನ್ನು ಸೈಟಿಗೆ ಅಂಟಿಸಿ. ಪಾಲಿಸಿ ಅಂಟಿಸದೆ ಸ್ವಿಚ್ ಮಾತ್ರ ಆನ್ ಮಾಡಿದರೆ ಆ ಶಾಖೆಯ ಎಲ್‌ಬಿಆರ್ ಬಳಕೆದಾರರಿಗೆ ಹೊರಗೆ ಹೋಗುವ ದಾರಿಯೇ ಇಲ್ಲದಂತಾಗುತ್ತದೆ.

ಬಳಕೆದಾರರ ಸ್ವಂತ ವಾಯ್ಸ್ ರೂಟಿಂಗ್ ಪಾಲಿಸಿ ಬೇರೆಯದು. ಎಲ್‌ಬಿಆರ್ ಇರುವ ಸೈಟಿನಲ್ಲಿ ಕುಳಿತಿದ್ದಾಗ ಸೈಟಿನ ಪಾಲಿಸಿ ನಡೆಯುತ್ತದೆ. ಎಲ್‌ಬಿಆರ್ ಇಲ್ಲದ ಶಾಖೆಗೋ ಮನೆಗೋ ಹೋದಾಗ ಅವರ ಸ್ವಂತ ಪಾಲಿಸಿ ಚಾಲ್ತಿಗೆ ಬರುತ್ತದೆ. ಅಂಥ ಸಂದರ್ಭದಲ್ಲೂ ಹೊರ ಕರೆ ಸಾಧ್ಯವಾಗಬೇಕಾದರೆ ಸ್ವಂತ ಪಾಲಿಸಿಯಲ್ಲಿ ಎಲ್‌ಬಿಆರ್ ಹಾಕದ ಗೇಟ್‌ವೇ ಇರಬೇಕು. ಎಲ್ಲ ಗೇಟ್‌ವೇಗಳೂ ಎಲ್‌ಬಿಆರ್‌ನವೇ ಆಗಿದ್ದರೆ ಮನೆಯಿಂದ ಹೊರ ಕರೆ ಹೋಗುವುದಿಲ್ಲ ಎಂದು ಉದ್ಯೋಗಿಗಳಿಗೆ ಮೊದಲೇ ಬರೆದು ತಿಳಿಸಿ.

ಗೇಟ್‌ವೇ ಮತ್ತು ಬಳಕೆದಾರರು

ಪ್ರತಿ ಎಸ್‌ಬಿಸಿಗೆ ಎರಡು ಗುಣಗಳನ್ನು ಕೊಡಬೇಕು. ಗೇಟ್‌ವೇಸೈಟ್‌ಐಡಿ ಎಂಬಲ್ಲಿ ಅದು ಯಾವ ಸೈಟಿನದು ಎಂಬ ಹೆಸರು, ಗೇಟ್‌ವೇಸೈಟ್‌ಎಲ್‌ಬಿಆರ್‌ಎನೇಬಲ್ಡ್ ಎಂಬಲ್ಲಿ ‘ಟ್ರೂ’. ಮೊದಲನೆಯದನ್ನು ಮಾತ್ರ ತುಂಬಿ ಎರಡನೆಯದನ್ನು ಮರೆತರೆ ಬೇಲಿ ಇದೆ ಎಂದು ನೀವು ನಂಬಿರುತ್ತೀರಿ, ಕರೆಗಳು ಮಾತ್ರ ನಿರಾತಂಕವಾಗಿ ಓಡಾಡುತ್ತಿರುತ್ತವೆ. ಯಾರೂ ದೂರು ಕೊಡದ ಕಾರಣ ಈ ತಪ್ಪು ಆಡಿಟ್ ತನಕವೂ ಬೆಳಕಿಗೆ ಬರದೆ ಉಳಿಯಬಹುದು.

ಕರೆಯ ಧ್ವನಿ ಮೈಕ್ರೋಸಾಫ್ಟ್‌ನ ಕ್ಲೌಡ್ ಸುತ್ತಿ ಬರದೆ ಕ್ಲೈಂಟ್ ಮತ್ತು ಎಸ್‌ಬಿಸಿ ನಡುವೆ ನೇರವಾಗಿ ಹರಿಯುವಂತೆ ಮಾಡುವ ಮೀಡಿಯಾ ಬೈಪಾಸ್ ಇನ್ನೊಂದು ವಿಷಯ. ಭಾರತದಲ್ಲಿ ಎಲ್‌ಬಿಆರ್ ಹಾಕುವವರು ಇದನ್ನೂ ಹೊಂದಿಸಲೇಬೇಕು.

ಬಳಕೆದಾರರ ಭಾಗ ಚಿಕ್ಕದು. ಕಾಲಿಂಗ್ ಪಾಲಿಸಿಯಲ್ಲಿ ಪ್ರಿವೆಂಟ್‌ಟೋಲ್‌ಬೈಪಾಸ್ ಆನ್ ಮಾಡಿ, ಆ ಪಾಲಿಸಿಯನ್ನು ಬೇಕಾದವರಿಗೆ ಕೊಡಿ. ಕೆಲಸದ ಅನುಕ್ರಮ ಇಲ್ಲಿ ಮುಖ್ಯ. ಎಲ್‌ಬಿಆರ್ ಇಲ್ಲದ ಬಳಕೆದಾರರು ಎಲ್‌ಬಿಆರ್ ಗೇಟ್‌ವೇಯನ್ನು ಬಳಸುವಂತಿಲ್ಲ. ಹಾಗಾಗಿ ಗೇಟ್‌ವೇ ಸ್ವಿಚ್ ಮೊದಲು ಒತ್ತಿಬಿಟ್ಟರೆ ಪಾಲಿಸಿ ಇನ್ನೂ ತಲುಪದ ಇಡೀ ಶಾಖೆಯ ಹೊರ ಕರೆ ನಿಲ್ಲುತ್ತದೆ. ಬಳಕೆದಾರರಿಗೆ ಪಾಲಿಸಿ ಕೊಟ್ಟು, ಅದು ಎಲ್ಲರಿಗೂ ತಲುಪಿದೆ ಎಂದು ನೋಡಿಕೊಂಡು, ಕಚೇರಿ ಮುಗಿದ ವೇಳೆಯಲ್ಲಿ ಗೇಟ್‌ವೇ ಸ್ವಿಚ್ ಒತ್ತಿ. ಬದಲಾವಣೆಗಳು ಎಲ್ಲೆಡೆ ಹರಡಲು ಕೆಲವು ಗಂಟೆ ಹಿಡಿಯಬಹುದು. ಐದು ನಿಮಿಷದಲ್ಲಿ ಪರೀಕ್ಷಿಸಿ, ಆಗಲಿಲ್ಲವೆಂದು ಮತ್ತೆ ಎಲ್ಲವನ್ನೂ ಬದಲಿಸಿದರೆ ಯಾವುದು ಯಾವಾಗ ಜಾರಿಗೆ ಬಂತೆಂದು ನಿಮಗೇ ತಿಳಿಯದು.

ಪರೀಕ್ಷೆ

ಇಲ್ಲಿ ಸಮಯ ಹಾಕಿ. ಉತ್ತರ ಶಾಖೆಯ ಸಂಖ್ಯೆಯಿರುವ ಒಬ್ಬ ಬಳಕೆದಾರ, ಒಂದು ಲ್ಯಾಪ್‌ಟಾಪ್, ಒಂದು ಮೊಬೈಲ್ ಸಾಕು. ಉತ್ತರ ಶಾಖೆಯಲ್ಲಿ ಕುಳಿತು ಹೊರಗೆ ಕರೆ ಮಾಡಿದರೆ ಉತ್ತರದ ಎಸ್‌ಬಿಸಿಯಿಂದ ಹೋಗಬೇಕು. ಅದೇ ಲ್ಯಾಪ್‌ಟಾಪನ್ನು ದಕ್ಷಿಣ ಶಾಖೆಗೆ ಒಯ್ದರೆ ಹೊರ ಕರೆ ದಕ್ಷಿಣದ ಸೈಟ್ ಪಾಲಿಸಿಯಂತೆ ಅಲ್ಲಿನ ಎಸ್‌ಬಿಸಿಯಿಂದ ಹೋಗಬೇಕು. ಆ ಹೊತ್ತಿನಲ್ಲಿ ಅವರ ಉತ್ತರದ ಸಂಖ್ಯೆಗೆ ಹೊರಗಿನಿಂದ ಕರೆ ಬಂದರೆ ಲ್ಯಾಪ್‌ಟಾಪ್ ರಿಂಗ್ ಆಗಬಾರದು, ಕರೆ ವಾಯ್ಸ್‌ಮೇಲ್‌ಗೆ ಹೋಗಬೇಕು. ಇದನ್ನು ದೋಷವೆಂದು ತಿದ್ದಲು ಹೋಗಬೇಡಿ.

ಲ್ಯಾಪ್‌ಟಾಪ್ ಕಚೇರಿ ಜಾಲದಲ್ಲಿದ್ದು ಮೊಬೈಲ್ 4ಜಿಯಲ್ಲಿದ್ದರೆ ಲ್ಯಾಪ್‌ಟಾಪ್ ಮಾತ್ರ ರಿಂಗ್ ಆಗುತ್ತದೆ. ಮೊಬೈಲ್ ಜಾಲದ ವಿಳಾಸ ಟ್ರಸ್ಟೆಡ್ ಪಟ್ಟಿಯಲ್ಲಿ ಇರುವುದಿಲ್ಲವಲ್ಲ. ಹೆಲ್ಪ್‌ಡೆಸ್ಕ್‌ಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ ಆಗಿರುತ್ತದೆ, ಉತ್ತರವನ್ನು ಅವರ ಕೈಗೆ ಮುಂಚೆಯೇ ಕೊಟ್ಟಿರಿ.

ವರ್ಗಾವಣೆ ಮತ್ತು ಕಾನ್ಫರೆನ್ಸ್‌ಗಳಲ್ಲಿ ಗೊಂದಲ ಹೆಚ್ಚು. ಒಂದು ತತ್ವ ನೆನಪಿದ್ದರೆ ಸಾಕು: ಎಲ್‌ಬಿಆರ್ ಗೇಟ್‌ವೇ ಮೂಲಕ ಹೊರಗಿನವರೊಬ್ಬರು ಕರೆಯಲ್ಲಿದ್ದಾರೆಂದರೆ ಆ ಕರೆಗೆ ಸೇರುವ ಒಳಗಿನವರೆಲ್ಲ ಆ ಗೇಟ್‌ವೇಯ ಸೈಟಿನಲ್ಲೇ ಇರಬೇಕು. ಉತ್ತರದಲ್ಲಿ ಬಂದ ಗ್ರಾಹಕರ ಕರೆಯನ್ನು ಪಕ್ಕದ ಮೇಜಿಗೆ ವರ್ಗಾಯಿಸಬಹುದು, ದಕ್ಷಿಣದ ಸಹೋದ್ಯೋಗಿಗೆ ವರ್ಗಾಯಿಸಲಾಗದು. ಎರಡು ಶಾಖೆಯವರು ಟೀಮ್ಸ್‌ನಲ್ಲೇ ಮಾತಾಡುತ್ತ ನಡುವೆ ಹೊರಗಿನ ಸಂಖ್ಯೆಯೊಂದನ್ನು ಸೇರಿಸಲು ಹೋದರೆ ಅದೂ ಆಗದು. ಬರೀ ಟೀಮ್ಸ್‌ನಿಂದ ಟೀಮ್ಸ್‌ಗೆ ಮಾಡುವ ಕರೆಗಳಿಗೆ ಯಾವ ಅಡ್ಡಿಯೂ ಇಲ್ಲ. ತುರ್ತು ಸೇವೆಯ ಸಂಖ್ಯೆಗಳಿಗೆ ಸೈಟಿಗೆ ಪ್ರತ್ಯೇಕ ಎಮರ್ಜೆನ್ಸಿ ಕಾಲ್ ರೂಟಿಂಗ್ ಪಾಲಿಸಿ ಅಂಟಿಸಲು ಬರುತ್ತದೆ. ಆ ದಾರಿಯನ್ನು ಪ್ರತಿ ಶಾಖೆಯಲ್ಲೂ, ಸೇವೆಯವರಿಗೆ ಮುಂಚಿತವಾಗಿ ತಿಳಿಸಿ, ಬೇರೆಯಾಗಿ ಪರೀಕ್ಷಿಸಿ.

ಕೆಟ್ಟಾಗ ಎಲ್ಲಿ ಹುಡುಕಬೇಕು

ಹೊರ ಕರೆ ಹೋಗದಿದ್ದರೆ ಮೊದಲು ಎಸ್‌ಬಿಸಿಯ ಎಸ್‌ಐಪಿ ಟ್ರೇಸ್ (ಕರೆ ಜೋಡಿಸುವ ಸಂದೇಶಗಳ ದಾಖಲೆ) ತೆರೆಯಿರಿ. ಅಲ್ಲಿ ಕರೆ ಶುರು ಮಾಡುವ ಇನ್‌ವೈಟ್ ಸಂದೇಶವೇ ಬಂದಿಲ್ಲವೆಂದರೆ ಕರೆ ಟೀಮ್ಸ್ ಕಡೆಯಲ್ಲೇ ನಿಂತಿದೆ. ಸೈಟ್, ಪಾಲಿಸಿ, ವಿಳಾಸಗಳನ್ನು ನೋಡಬೇಕು. ಇನ್‌ವೈಟ್ ಬಂದು ಆಮೇಲೆ ವಿಫಲವಾಗಿದ್ದರೆ ಎಲ್‌ಬಿಆರ್ ಮೇಲೆ ಅನುಮಾನ ಬೇಡ, ಎಸ್‌ಬಿಸಿ ಅಥವಾ ದೂರವಾಣಿ ಕಂಪನಿಯ ಕಡೆ ತಿರುಗಿ.

ಕಚೇರಿಯಲ್ಲೇ ಇದ್ದರೂ ಸಿಸ್ಟಮ್ ‘ಹೊರಗೆ’ ಎಂದು ಭಾವಿಸುತ್ತಿದ್ದರೆ, ಆ ಯಂತ್ರದಿಂದ ಹೊರ ಐಪಿ ಯಾವುದೆಂದು ನೋಡಿ. ಶಾಖೆಯ ಇಂಟರ್ನೆಟ್ ಕಂಪನಿ ಬದಲಾಗಿರಬಹುದು, ಬ್ಯಾಕಪ್ ಲೈನ್ ಚಾಲ್ತಿಗೆ ಬಂದಿರಬಹುದು, ಅಥವಾ ಟ್ರಾಫಿಕ್ಕನ್ನು ಕ್ಲೌಡ್ ಸೆಕ್ಯುರಿಟಿ ಸೇವೆಯೊಂದು ತನ್ನ ವಿಳಾಸದಿಂದ ಹೊರಬಿಡುತ್ತಿರಬಹುದು. ಮೂರನೆಯ ಪ್ರಸಂಗದಲ್ಲಿ ಆ ಸೇವೆಯ ವಿಳಾಸವನ್ನು ಟ್ರಸ್ಟೆಡ್ ಪಟ್ಟಿಗೆ ಸೇರಿಸುವುದು ಅಪಾಯ, ಅದೇ ವಿಳಾಸದಿಂದ ಮನೆಯಲ್ಲಿರುವವರೂ ಬರುತ್ತಾರೆ. ಟೀಮ್ಸ್ ಟ್ರಾಫಿಕ್ಕನ್ನು ಆ ಸೇವೆಯಿಂದ ಹೊರಗಿಟ್ಟು ಶಾಖೆಯಿಂದಲೇ ನೇರ ಬಿಡುವುದು ಸರಿಯಾದ ದಾರಿ.

ಇದರ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಗಂಭೀರ. ಎಲ್ಲ ಟ್ರಾಫಿಕ್ಕೂ ಕಚೇರಿ ಮೂಲಕ ಸಾಗುವ ಫುಲ್ ಟನೆಲ್ ವಿಪಿಎನ್‌ನಲ್ಲಿ ಮನೆಯಲ್ಲಿರುವವರ ಹೊರ ವಿಳಾಸವೂ ಕಚೇರಿಯದೇ ಆಗಿರುತ್ತದೆ. ವಿಪಿಎನ್‌ನ ಒಳ ಸಬ್‌ನೆಟ್ಟನ್ನು ಯಾರಾದರೂ ಅಚಾತುರ್ಯದಿಂದ ಉತ್ತರ ಸೈಟಿಗೆ ಸೇರಿಸಿದ್ದರೆ, ನೂರಾರು ಕಿಲೋಮೀಟರ್ ಆಚೆ ಕುಳಿತವರು ಉತ್ತರ ಶಾಖೆಯಲ್ಲಿದ್ದಂತೆ ಕರೆ ಮಾಡುತ್ತಾರೆ. ಆ ಸಾಲಿನ ಪಕ್ಕದಲ್ಲಿ ಎಚ್ಚರಿಕೆ ಬರೆಯಲು ಹೇಳಿದ್ದು ಇದಕ್ಕೇ.

ಹೊರಗಿರುವ ಎಲ್‌ಬಿಆರ್ ಬಳಕೆದಾರರಿಗೂ ಗೇಟ್‌ವೇ ಬಳಸಲು ಬಿಡುವ ಗೇಟ್‌ವೇಎಲ್‌ಬಿಆರ್‌ಎನೇಬಲ್ಡ್‌ಯೂಸರ್‌ಓವರ್‌ರೈಡ್ ಎಂಬ ಆಯ್ಕೆಯೂ ಇದೆ. ಮೇಲಧಿಕಾರಿಯೊಬ್ಬರ ಫೋನ್ ಕರೆಗೆ ಹೆದರಿ ಇದನ್ನು ಆನ್ ಮಾಡುವವರಿದ್ದಾರೆ. ಕಾನೂನು ವಿಭಾಗದ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ.

ಸಿಸ್ಕೋ ಕಾಲ್ ಮ್ಯಾನೇಜರ್ ಬಳಸುವವರಿಗೆ ಇದೇ ಕೆಲಸಕ್ಕೆ ಲಾಜಿಕಲ್ ಪಾರ್ಟಿಷನಿಂಗ್ ಇದೆ. ಅಲ್ಲಿ ಫೋನ್‌ಗಳು ಇಂಟೀರಿಯರ್ (ಒಳಗಿನವು), ಪಿಎಸ್‌ಟಿಎನ್ ಗೇಟ್‌ವೇಗಳು ಬಾರ್ಡರ್ (ಗಡಿಯವು). ಎರಡಕ್ಕೂ ಜಿಯೊಲೊಕೇಶನ್ (ಸ್ಥಳದ ಗುರುತು) ಕೊಟ್ಟು, ಯಾವ ಜೋಡಿಗೆ ಅನುಮತಿ, ಯಾವುದಕ್ಕೆ ತಡೆ ಎಂದು ಬರೆಯಬೇಕು. ಡಿಫಾಲ್ಟ್ ಪಾಲಿಸಿ ‘ತಡೆ’ ಎಂದೇ ಇರುವುದರಿಂದ, ಅನುಮತಿಗಳನ್ನು ಬರೆಯದೆ ಲಾಜಿಕಲ್ ಪಾರ್ಟಿಷನಿಂಗ್ ಆನ್ ಮಾಡಿದರೆ ಜಿಯೊಲೊಕೇಶನ್ ಪಡೆದ ಫೋನ್‌ಗಳ ಹೊರ ಕರೆ ಅಲ್ಲೇ ನಿಲ್ಲುತ್ತದೆ.

ಟೀಮ್ಸ್‌ನಲ್ಲಿ ಏನೋ ಕೈಮೀರಿ ಹಿಂದೆ ಸರಿಯಬೇಕಾಗಿ ಬಂದರೆ ಹಾಕಿದ್ದರ ತಿರುಗು ಕ್ರಮದಲ್ಲಿ ತೆಗೆಯಿರಿ. ಮೊದಲು ಗೇಟ್‌ವೇಯ ಎಲ್‌ಬಿಆರ್ ಸ್ವಿಚ್, ಆಮೇಲೆ ಬಳಕೆದಾರರ ಕಾಲಿಂಗ್ ಪಾಲಿಸಿ, ಕೊನೆಗೆ ಸೈಟಿನ ಸ್ವಿಚ್. ಬೇಲಿ ತೆಗೆದ ಗಂಟೆಗಳಲ್ಲಿ ಟೋಲ್ ಬೈಪಾಸ್ ಸಾಧ್ಯವಾಗುತ್ತದೆ, ಆದ್ದರಿಂದ ತೆಗೆದ ಸಮಯ, ಮತ್ತೆ ಹಾಕಿದ ಸಮಯ ಎರಡನ್ನೂ ಚೇಂಜ್ ದಾಖಲೆಯಲ್ಲಿ ಬರೆದಿಡಿ. ಸಬ್‌ನೆಟ್, ಟ್ರಸ್ಟೆಡ್ ಐಪಿ ನಮೂದುಗಳನ್ನು ಮಾತ್ರ ಅಳಿಸಬೇಡಿ: ತುರ್ತು ಕರೆ ಮಾಡಿದವರು ಯಾವ ಶಾಖೆಯಲ್ಲಿದ್ದಾರೆಂದು ಟೀಮ್ಸ್ ಕಂಡುಕೊಳ್ಳುವುದೂ ಅವೇ ಪಟ್ಟಿಗಳಿಂದ.