ಸೆಲ್ಲಾರ್ ಇಲ್ಲದ ಮನೆಯಲ್ಲಿ ವೈನ್

ವೈನ್ ಇಡಲು 12ರಿಂದ 14 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತಾರೆ. ಬೆಂಗಳೂರಿನ ನಮ್ಮ ಫ್ಲಾಟ್ ಡಿಸೆಂಬರ್ ಚಳಿಯಲ್ಲೂ ಒಳಗೆ ಅಷ್ಟು ತಣ್ಣಗಾಗಲ್ಲ, ಏಪ್ರಿಲ್‌ನಲ್ಲಂತೂ ಹೊರಗೆ 34–35 ಮುಟ್ಟುತ್ತೆ. ಹಾಗಾಗಿ ಆ ಅಂಕಿಯ ಬೆನ್ನು ಹತ್ತದೆ, ಹಗಲಿಗೂ ರಾತ್ರಿಗೂ ಹೆಚ್ಚು ವ್ಯತ್ಯಾಸವಿಲ್ಲದ ಜಾಗ ಹುಡುಕಿದೆ. ಬಿಸಿಯಾದಾಗ ವೈನ್ ಹಿಗ್ಗಿ ಕಾರ್ಕನ್ನು ಒತ್ತುತ್ತೆ, ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತೆ. ದಿನಾ ಇದೇ ನಡೆದರೆ ಕೆಡದೆ ಇನ್ನೇನಾಗುತ್ತೆ?

ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಂದು ಮನೆಯ ಮೂಲೆ ಮೂಲೆಯಲ್ಲೂ ಇಟ್ಟು ನೋಡಿದೆ. ಹಾಲ್‌ನ ಶೋಕೇಸಿಗೆ ಸಂಜೆ ಬಿಸಿಲು ನೇರ ಬೀಳುತ್ತೆ. ಬಿಸಿಲು ಮಾತ್ರವಲ್ಲ, ಬೆಳಕೇ ವೈನಿಗೆ ಆಗಿಬರಲ್ಲ; ಬಣ್ಣವಿಲ್ಲದ ಗಾಜಿನ ಬಾಟಲಿಯಾದರೆ ರುಚಿ ಇನ್ನೂ ಬೇಗ ಹೋಗುತ್ತೆ. ಅಡುಗೆಮನೆಯ ಅಟ್ಟ, ಫ್ರಿಜ್ಜಿನ ತಲೆ ಎರಡೂ ಒಲೆಗಳೇ. ಕೊನೆಗೆ ಗೆದ್ದದ್ದು ಮಲಗುವ ಕೋಣೆಯ ವಾರ್ಡ್‌ರೋಬಿನ ತಳದ ಶೆಲ್ಫ್. ಅದರ ಹಿಂದಿರುವುದು ಬಿಸಿಲು ಕಾಯುವ ಹೊರಗೋಡೆಯಲ್ಲ, ಪಕ್ಕದ ಕೋಣೆಯ ಗೋಡೆ. "ನನ್ನ ಸೀರೆಗೆ ವಾಸನೆ ಬಂದ್ರೆ ನೋಡ್ಕೊಳ್ಳಿ" ಅಂದಳು ಹೆಂಡತಿ. ನನಗಿದ್ದದ್ದು ಉಲ್ಟಾ ಚಿಂತೆ: ಅವಳ ನುಸಿಗುಳಿಗೆಯ ಘಾಟು ಕಾರ್ಕಿನಿಂದ ಒಳಗಿಳಿದರೆ? ಗುಳಿಗೆಗಳು ಬೇರೆ ಬೀರುವಿಗೆ ಹೋದವು.

ಆ ಶೆಲ್ಫಿನಲ್ಲಿ ಮುಚ್ಚಳವಿರುವ ಥರ್ಮಾಕೋಲ್ ಡಬ್ಬಿ ಇಟ್ಟಿದ್ದೇನೆ. ಡಬ್ಬಿ ಏನನ್ನೂ ತಂಪು ಮಾಡಲ್ಲ, ಕೋಣೆಯ ಏರಿಳಿತ ಬಾಟಲಿಗೆ ತಟ್ಟುವುದನ್ನು ನಿಧಾನ ಮಾಡುತ್ತೆ, ಅಷ್ಟೆ. ಕಾರ್ಕ್ ಹಾಕಿದವನ್ನು ಅಡ್ಡ ಮಲಗಿಸುತ್ತೇನೆ, ವೈನ್ ತಾಗಿ ಕಾರ್ಕ್ ಹಸಿಯಾಗಿರಲಿ ಅಂತ. ತಿರುಪು ಮುಚ್ಚಳದವು ನಿಂತೇ ಇರುತ್ತವೆ.

ಬೇಸಿಗೆಯಲ್ಲಿ ವೈಟ್ ವೈನೆಲ್ಲ ಫ್ರಿಜ್ಜಿಗೆ. ಕೆಲವು ವಾರಕ್ಕೆ ತೊಂದರೆಯಿಲ್ಲ, ತಿಂಗಳುಗಟ್ಟಲೆ ಬಿಟ್ಟರೆ ಅಲ್ಲಿನ ಒಣಗಾಳಿಗೆ ಕಾರ್ಕ್ ಬಿರುಸಾಗುತ್ತೆ. ವೈನ್ ಕೂಲರ್ ಕೊಳ್ಳಿ ಅಂತ ಸ್ನೇಹಿತರು ಹೇಳುತ್ತಲೇ ಇರುತ್ತಾರೆ. ಕಂಪ್ರೆಸರ್ ಇಲ್ಲದ ಅಗ್ಗದ ಮಾದರಿಗಳು ಕೋಣೆಯ ಬಿಸಿಗಿಂತ ಒಂದು ಮಿತಿಯವರೆಗೆ ಮಾತ್ರ ಇಳಿಸಬಲ್ಲವು, ಅಂದರೆ ಬೇಕೇಬೇಕಾದ ಮೇ ತಿಂಗಳಲ್ಲೇ ಕೈಕೊಡುತ್ತವೆ. ಕಂಪ್ರೆಸರ್ ಇರುವುದು ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಸಿಗುವ ಬಹುಪಾಲು ವೈನ್ ಒಂದೆರಡು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಅದಕ್ಕೆ ಅಷ್ಟು ದುಡ್ಡು ಸುರಿಯುವುದಕ್ಕಿಂತ ಕಡಿಮೆ ಕೊಂಡು ಬೇಗ ಮುಗಿಸುವುದೇ ವಾಸಿ. ನಾನು ತಡೆದಿಡುವುದು ಗ್ರೋವರ್ ಕಂಪನಿಯ ಲಾ ರಿಸರ್ವ್‌ನಂಥ, ಓಕ್ ಮರದ ಪೀಪಾಯಿಯಲ್ಲಿಟ್ಟು ಹದ ಮಾಡಿದ ರೆಡ್ ವೈನ್ ಮಾತ್ರ.

ತೆರೆದ ಮೇಲೆ ರೆಡ್ಡೂ ಫ್ರಿಜ್ಜಿಗೇ. ಅರ್ಧ ಉಳಿದರೆ 375 ಮಿ.ಲೀ. ಖಾಲಿ ಬಾಟಲಿಗೆ ಕತ್ತಿನವರೆಗೆ ತುಂಬಿಸಿ ಮುಚ್ಚುತ್ತೇನೆ. ಗಾಳಿಗೆ ಜಾಗವೇ ಇರಲ್ಲ, ಮೂರ್ನಾಲ್ಕು ದಿನ ಆರಾಮಾಗಿ ತಡೆಯುತ್ತೆ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ.

ಕ್ರಿಸ್‌ಮಸ್ಸಿಗೆ ಪಕ್ಕದ ಮನೆಯವರು ತಾವೇ ಮಾಡಿ ಕೊಡುವ ನೀಲಿ ದ್ರಾಕ್ಷಿಯ ವೈನ್ ಲೆಕ್ಕವೇ ಬೇರೆ. ಒಳಗೆ ಯೀಸ್ಟ್ ಇನ್ನೂ ಜೀವಂತ ಇರಬಹುದು, ಸಕ್ಕರೆಯಂತೂ ಇದ್ದೇ ಇರುತ್ತೆ. ಬಿಗಿಯಾಗಿ ಮುಚ್ಚಿ ಹೊರಗಿಟ್ಟರೆ ಗ್ಯಾಸ್ ತುಂಬಿ ಗಾಜು ಸಿಡಿಯುವುದೂ ಉಂಟು. ಅದನ್ನು ಮೇಲೆ ಸ್ವಲ್ಪ ಜಾಗ ಬಿಟ್ಟು, ಮುಚ್ಚಳ ಸಡಿಲವಾಗಿಟ್ಟು ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಜನವರಿ ದಾಟಿಸುವುದಿಲ್ಲ.