ಕೋಟೆ ಊರಿನವರು ಕಡಲು ನೋಡಲು ಹೋದದ್ದು

ಚಿತ್ರದುರ್ಗದ ನಮಗೆ ಸಮುದ್ರ ಅಂದರೆ ಮಾರಿಕಣಿವೆ ಜಲಾಶಯ. 2022ರಲ್ಲಿ ಅದು ಕೋಡಿ ಬಿದ್ದಾಗ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬಂದಿದ್ದೆವು. "ನಿಜವಾದ ಸಮುದ್ರ ಯಾವಾಗ?" ಅಂತ ಮಗ ಆವತ್ತೇ ಶುರು ಮಾಡಿದ. ಅಂತೂ ಒಂದು ಡಿಸೆಂಬರ್‌ನಲ್ಲಿ ಮಂಗಳೂರಿಗೆ ಹೊರಟೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಪ್ಪ. ಮೂರು ರಾತ್ರಿ.

ಡಿಸೆಂಬರ್ ಅಂತ ಸುಮ್ನೆ ಆರಿಸಿದ್ದಲ್ಲ. ಏಪ್ರಿಲ್, ಮೇನಲ್ಲಿ ಅಲ್ಲಿನ ಸೆಖೆ ನಮ್ಮ ಒಣ ಬಿಸಿಲಿನಂತಲ್ಲ, ಅಂಗಿ ಮೈಗೇ ಅಂಟಿಕೊಳ್ಳುತ್ತದೆ. ಜೂನ್, ಜುಲೈ ಮಳೆಗಾಲ. ಮೇಲಾಗಿ ಆ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನನಗೆ ಮೀನೂ ಬೇಕಿತ್ತು.

ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದೆವು. ತಿರುವಿಗೆ ಮಗಳು ವಾಂತಿ ಮಾಡಿಕೊಂಡಳು. ತಿಂಡಿ ತಿನ್ನಿಸಿ ಘಾಟಿ ಇಳಿಸಬಾರದಿತ್ತು, ತಪ್ಪು ನನ್ನದೇ.

ಮೊದಲ ದಿನವನ್ನೂ ನಾನೇ ಕೆಡಿಸಿದೆ. ಏಳು ಜಾಗ ಪಟ್ಟಿ ಮಾಡಿಕೊಂಡಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಪಣಂಬೂರಿನ ಮರಳಿನ ಮೇಲೆ ನಿಂತಿದ್ದೆವು. ಕಾಲು ಸುಟ್ಟಿತು, ಮಕ್ಕಳು ಅತ್ತರು. ಊಟಕ್ಕೆ ಕೂತರೆ ದಪ್ಪ ಕುಚ್ಚಲಕ್ಕಿ ಅನ್ನ ಬಂತು. ಮಾಂಸ ಮೀನು ಬಿಟ್ಟಿರುವ ಅಪ್ಪ ಅದನ್ನೂ ತಳ್ಳಿ, "ಮುದ್ದೆ ಇಲ್ವಾ?" ಅಂದರು. ಪಕ್ಕದ ಟೇಬಲ್ಲಿನವರು "ಬೆಳ್ತಿಗೆ ಉಂಟಾ ಕೇಳಿ" ಅಂದರು. ಅಲ್ಲಿ ಬಿಳಿ ಅನ್ನಕ್ಕೆ ಹಾಗೆ ಹೇಳುತ್ತಾರೆ. ಮುಂದಿನ ಎರಡು ದಿನ ನಮ್ಮನ್ನು ಕಾಪಾಡಿದ್ದು ಆ ಒಂದೇ ಮಾತು.

ರಾತ್ರಿ ಪಟ್ಟಿ ಹರಿದೆ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ನೀರು. ಅಷ್ಟೇ.

ಬೆಳಿಗ್ಗೆ ಬನ್ಸ್ ತಿಂದು ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆವು. ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಶುರು ಮಾಡಿ ಗೋಡೆ, ಚಾವಣಿಯನ್ನೆಲ್ಲ ಚಿತ್ರಗಳಿಂದ ತುಂಬಿಸಿದ್ದಾರೆ. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬಿಡಿಸಿದವು. ಅಪ್ಪ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಬೇಗ ಹೊರಡಬಹುದು ಅಂದುಕೊಂಡಿದ್ದೆ, ಅವರು ಕದಲಲೇ ಇಲ್ಲ. "ಗಾರೆ ಆರೋದ್ರೊಳಗೆ ಬಣ್ಣ ಕುಡೀಬೇಕು. ಇವತ್ತು ಎಷ್ಟು ಬಿಡಿಸ್ತೀನಿ ಅಂತ ಗೊತ್ತಿದ್ದು ಅಷ್ಟೇ ಗಾರೆ ಬಳಿದಿದಾನೆ ನೋಡು" ಅಂದರು. ಆಮೇಲೆ ಚಿತ್ರ ಬಿಟ್ಟು, ಒಂದು ದಿನದ ಗಾರೆ ಎಲ್ಲಿ ಮುಗಿದಿದೆ ಅಂತ ಗೆರೆ ಹುಡುಕುತ್ತಾ ನಿಂತರು.

ಸಂಜೆ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು. ಏಳು ಸುತ್ತಿನ ಕೋಟೆ ನೋಡುತ್ತಾ ಬೆಳೆದ ಮಗ "ಇಷ್ಟೇನಾ?" ಅಂದ. ನದಿಯೊಳಗೆ ಯುದ್ಧದ ಹಡಗು ಬರದಂತೆ ಕಾಯಲು ಇಷ್ಟು ಸಾಕು ಅಂದೆ. 1779ರಲ್ಲಿ ನಮ್ಮ ಕೋಟೆ ಗೆದ್ದ ಹೈದರಾಲಿಯ ಮಗನೇ ಇದನ್ನು ಕಟ್ಟಿಸಿದ್ದು ಅಂದಾಗ ಮುಖ ಇನ್ನಷ್ಟು ಗಂಟಿಕ್ಕಿದ. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ ಕಡಲತೀರಕ್ಕೆ ಹೋದೆವು. ನೀರು ಕಂಡದ್ದೇ ಟಿಪ್ಪು, ಹೈದರ್ ಎಲ್ಲ ಮರೆತುಹೋದರು.

ತಿಂದದ್ದರಲ್ಲಿ ನನ್ನ ಓಟು ರವೆ ಹಚ್ಚಿ ಹುರಿದ ಕಾಣೆ ಮೀನಿಗೆ. ಕೋರಿ ರೊಟ್ಟಿ ಅಂದರೆ ಗರಿಗರಿ ಅಕ್ಕಿ ರೊಟ್ಟಿ, ಕೋಳಿ ಸಾರು. ಸಾರು ಸುರಿದ ತಕ್ಷಣ ತಿನ್ನಬೇಕು, ತಡ ಮಾಡಿದರೆ ಮೆತ್ತಗಾಗುತ್ತದೆ. ಗಡ್‌ಬಡ್ ಐಸ್‌ಕ್ರೀಂ ಮಕ್ಕಳಿಗೆ ಇಷ್ಟವಾಯಿತು, ನನಗೆ ಸಿಹಿ ಜಾಸ್ತಿ. ಅಪ್ಪನಿಗೆ ಹಿಡಿಸಿದ್ದು ನೀರ್ ದೋಸೆ. ಉದ್ದು ಇಲ್ಲ, ಹುಳಿ ಬರಿಸುವುದೂ ಇಲ್ಲ, ಹೊಟ್ಟೆಗೆ ಹಗುರ.

ಊರಿಗೆ ಬಂದ ಮರುದಿನವೇ ಹೆಂಡತಿ ಅಕ್ಕಿ ನೆನೆಹಾಕಿದಳು. ಮೊದಲ ನಾಲ್ಕು ಕಾವಲಿಗೇ ಅಂಟಿದವು. ಹಿಟ್ಟು ಮಜ್ಜಿಗೆಯಷ್ಟು ತೆಳುವಾಗುವ ತನಕ ನೀರು ಹಾಕಿ, ಕಾವಲಿ ಚೆನ್ನಾಗಿ ಕಾಯಿಸಿ, ಅಂಚಿನಿಂದ ಸುರಿದು ಮುಚ್ಚಳ ಮುಚ್ಚಿದ ಮೇಲೆ ಐದನೆಯದು ಎದ್ದು ಬಂತು. ಅದನ್ನು ಅಪ್ಪನಿಗೇ ಕೊಟ್ಟೆವು.