ಪ್ಯಾಂಕ್ರಿಯಾಟೈಟಿಸ್ ಇಲಿಗಳ ಕರುಳಿನ ನರಜಾಲವನ್ನು ಇಡಿಯಾಗಿ ಸುಲಿದು ಎಣಿಸಿದ ನನ್ನ ಅನುಭವ

ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ಆದಾಗ ಕರುಳಿನ ಚಲನೆ ಕುಗ್ಗುವುದು ನರಕೋಶಗಳು ಸಾಯುವುದರಿಂದಲೇ ಎಂದು ಎಣಿಸಿ ನೋಡಹೊರಟಿದ್ದೆ. ತೀವ್ರ ಪ್ಯಾಂಕ್ರಿಯಾಟೈಟಿಸ್ ಆದ ಇಲಿಯ ಕರುಳು ಊದಿ ಮೆತ್ತಗಾಗಿರುವುದರಿಂದ, ಅದರ ನೀಳ ಸ್ನಾಯುಪದರವನ್ನು ನರಜಾಲದ ಸಮೇತ ಹರಿಯದಂತೆ ಸುಲಿಯಲಾಗದು, ಅಡ್ಡಕೊಯ್ತಗಳಲ್ಲೇ ತೃಪ್ತಿಪಡಬೇಕು ಎಂದು ನನಗೆ ಹೇಳದವರಿಲ್ಲ. ಈಗ ನಾಲ್ಕರಲ್ಲಿ ಮೂರು ಕರುಳಾದರೂ ಇಡೀ ಹಾಳೆಯಾಗಿ ಬರುತ್ತಿದೆ.

ಹಣ ಹೆಚ್ಚು ಕರಗಿದ್ದು ರೋಗದ ಮಾದರಿಯನ್ನು ಆರಿಸುವಲ್ಲಿ. ಮೇದೋಜೀರಕದ ನಾಳಕ್ಕೆ ಟಾರೊಕೊಲೇಟ್ ಎಂಬ ಪಿತ್ತಲವಣ ಏರಿಸಲು ಹೊಟ್ಟೆ ತೆರೆಯಲೇಬೇಕು. ಕರುಳನ್ನು ಮುಟ್ಟಿದ್ದರಿಂದಲೇ ಸ್ನಾಯುಪದರದಲ್ಲಿರುವ ರಕ್ಷಣಾಕೋಶಗಳಾದ ಮ್ಯಾಕ್ರೊಫೇಜ್‌ಗಳು ಕೆರಳಿ ಚಲನೆ ಕುಗ್ಗುವುದರಿಂದ, ಸುಮ್ಮನೆ ತೆರೆದು ಹೊಲಿದ ಇಲಿಗಳಲ್ಲೂ ಚಲನೆ ಅಳೆಯಲು ಕುಡಿಸಿದ ಇದ್ದಿಲಿನ ದ್ರಾವಣ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಆರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ಹೆಚ್ಚಾಗಿ ಕೊಟ್ಟು ರೋಗ ತರಿಸುವುದು ಅಗ್ಗವೇನೋ ಹೌದು, ಆದರೆ ಕರುಳನ್ನು ಸಡಿಲಿಸುವ ನರಗಳು ನೈಟ್ರಿಕ್ ಆಕ್ಸೈಡ್ ತಯಾರಿಸುವುದು ಅದರಿಂದಲೇ, ಹಾಗಾಗಿ ಅದೂ ಚಲನೆಯನ್ನು ಬದಲಿಸಬಹುದು. ರೋಗ ತರಿಸಲು ಬಳಸುವ ಇನ್ನೊಂದು ವಸ್ತುವಾದ ಸೆರುಲಿನ್, ಕರುಳಿನ ಹಾರ್ಮೋನಾದ ಕೊಲೆಸಿಸ್ಟೊಕೈನಿನ್‌ನಂತೆ ವರ್ತಿಸುವುದರಿಂದ ಚಲನೆಯನ್ನು ತಾನೇ ಬದಲಿಸುತ್ತದೆ. ರೋಗ ತೀವ್ರವಾಗಲೆಂದು ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಾದ ಎಲ್‌ಪಿಎಸ್ ಸೇರಿಸುವವರಿಗೆ, ಅದೊಂದೇ ಕರುಳನ್ನು ಜಡಗೊಳಿಸಬಲ್ಲದು ಎಂಬುದು ನೆನಪಿರಲಿ. ಕಡೆಗೆ ನಾನು ಗಂಟೆಗೊಮ್ಮೆ ಕಿಲೋಗೆ 50 ಮೈಕ್ರೊಗ್ರಾಂ ಸೆರುಲಿನ್ ಕೊಟ್ಟ ಗುಂಪನ್ನೂ ಆರ್ಜಿನಿನ್ ಗುಂಪನ್ನೂ ಜೊತೆಜೊತೆಗೆ ನಡೆಸಿ, ಎರಡರಲ್ಲೂ ಒಂದೇ ಬಗೆಯಾಗಿ ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ನೋವಿಗೆ ಕೊಡುವ ಬ್ಯುಪ್ರೆನಾರ್ಫಿನ್ ಕೂಡ ಕರುಳನ್ನು ನಿಧಾನಿಸುವುದರಿಂದ, ಹೋಲಿಕೆಯ ಇಲಿಗಳಿಗೂ ಅದೇ ಪ್ರಮಾಣ ಹೋಗಬೇಕು.

ಸುಲಿಯುವ ಮೊದಲು ತುಂಡನ್ನು ತಣ್ಣನೆಯ ಕ್ರೆಬ್ಸ್ ಲವಣದ್ರಾವಣದಲ್ಲಿ, ಸ್ನಾಯುವಿನ ಸಂಕೋಚನ ತಡೆಯುವ ನಿಫೆಡಿಪಿನ್ ಔಷಧವನ್ನು ಸುಮಾರು 1 ಮೈಕ್ರೊಮೋಲಾರ್ ಹಾಕಿ ಸಡಿಲಿಸಿ, ಸಿಲ್ಗಾರ್ಡ್ ಎಂಬ ಮೆತ್ತನೆಯ ಸಿಲಿಕೋನ್ ತುಂಬಿದ ತಟ್ಟೆಯ ಮೇಲೆ ಪಿನ್ನು ಚುಚ್ಚಿ ಹಿಗ್ಗಿಸುತ್ತೇನೆ. ಊದಿದ ಕರುಳಿನಲ್ಲಿ ಮೊದಲ ಅಂಚನ್ನು ಎಲ್ಲಿಂದ, ಹೇಗೆ ಎಬ್ಬಿಸಬೇಕೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನರಕೋಶಗಳಿಗೆ ಬಣ್ಣ ಹಚ್ಚಲು ಬಳಸುವ ಪ್ರತಿಕಾಯದ ಬೆಲೆ ಎಲ್ಲರನ್ನೂ ಕಾಡುವಂಥದ್ದು. ಹಾಳೆಗಳನ್ನು ಬೆರಳುಗುರಿನಷ್ಟು ಚಿಕ್ಕದಾಗಿ ಕತ್ತರಿಸಿ, ಒಂದೇ ದ್ರಾವಣವನ್ನು ಎರಡು ಬಾರಿ ಬಳಸಿದ್ದರಿಂದ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು.

ಎಣಿಕೆಯ ವಿಷಯದಲ್ಲಿ ನಾನು ಹಟ ಬಿಡುವವನಲ್ಲ. ಹಿಗ್ಗಿದ ಕರುಳಿನಲ್ಲಿ ಚದರ ಮಿಲಿಮೀಟರಿಗೆ ಇಷ್ಟು ಎಂದು ಎಣಿಸಿದರೆ, ಒಂದು ನರಕೋಶವೂ ಸಾಯದೆಯೇ ಸಂಖ್ಯೆ ಕುಸಿಯುತ್ತದೆ. ಆದ್ದರಿಂದ ನರಕೋಶಗಳಲ್ಲಿರುವ ಹು-ಸಿ/ಡಿ ಪ್ರೋಟೀನಿಗೆ ಅಂಟುವ ಪ್ರತಿಕಾಯ ಹಚ್ಚಿ ನರಗಂಟೊಂದಕ್ಕೆ ಎಷ್ಟೆಂದು ಎಣಿಸಿದೆ. ನೆನಪಿನಿಂದ ಹೇಳುವುದಾದರೆ, ಚದರ ಮಿಲಿಮೀಟರಿನ ಲೆಕ್ಕದಲ್ಲಿ ಕಾಣೆಯಾಗಿದ್ದ ನರಕೋಶಗಳಲ್ಲಿ ಬಹುಪಾಲು ಹೀಗೆ ಎಣಿಸಿದಾಗ ಮರಳಿ ಸಿಕ್ಕವು. ಆದರೆ ಅವು ಆರೋಗ್ಯವಾಗಿದ್ದವೆಂದಲ್ಲ. ಹಲವುಗಳಲ್ಲಿ ಹು ಬಣ್ಣ ಕೋಶರಸವನ್ನು ಬಿಟ್ಟು ಕೋಶಕೇಂದ್ರದಲ್ಲಿ ಕೂಡಿತ್ತು, ಇದು ಪೆಟ್ಟು ತಿಂದ ನರಕೋಶದ ಗುರುತು.

ಇದರ ಬೆನ್ನುಹತ್ತಿ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಕರುಳಿನ ಪಟ್ಟಿಗಳನ್ನು, ಸಂಕೋಚನದ ಬಲ ಅಳೆಯುವ ದ್ರಾವಣದ ತೊಟ್ಟಿಯಾದ ಆರ್ಗನ್ ಬಾತ್‌ನಲ್ಲಿ ತೂಗಿಬಿಟ್ಟಾಗ, ಸ್ನಾಯುವಿನ ಮೇಲೆ ನೇರವಾಗಿ ಕೆಲಸಮಾಡುವ ಕಾರ್ಬಕಾಲ್‌ಗೆ ಅವು ಹೆಚ್ಚುಕಡಿಮೆ ಎಂದಿನಂತೆಯೇ ಸಂಕುಚಿಸಿದವು. ನರಗಳನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಮಾತ್ರ ಸಂಕೋಚನ ಮೂರನೆಯ ಒಂದರಷ್ಟು ತಗ್ಗಿತ್ತು. ದೋಷ ಹೆಚ್ಚಾಗಿ ನರದ ಕಡೆಯದೆಂದು ನಾನು ತಿಳಿಯುತ್ತೇನೆ. ಇದನ್ನು ಮಾಡಹೊರಟವರು ನಿಫೆಡಿಪಿನ್ ಕಂಡ ತುಂಡನ್ನು ಬಾತ್‌ಗೆ ಒಯ್ಯಬಾರದು. ಪಕ್ಕಪಕ್ಕದ ತುಂಡುಗಳನ್ನು ಒಂದು ಎಣಿಕೆಗೆ, ಒಂದು ಬಾತ್‌ಗೆ ಎಂದು ಮೊದಲೇ ಬೇರೆಮಾಡಿಕೊಂಡಿರಬೇಕು.